ಚೆಂಡು ತಾಗುವ ಮೊದಲು

ನಲವತ್ತು ದಾಟಿದ ಮೇಲೆ ನಾನು ಟೆನಿಸ್ ಕಲಿಯಲು ಹೋದೆ. ಬೆಳಗಿನ ಆರು ಗಂಟೆಯ ಬ್ಯಾಚು. ಕೋಚ್ ನನಗಿಂತ ಹದಿನೈದು ವರ್ಷ ಚಿಕ್ಕವನು. ಬುಟ್ಟಿಯಿಂದ ಒಂದೊಂದೇ ಚೆಂಡು ತೆಗೆದು ನನ್ನ ಬಲಕ್ಕೆ ಹಾಕುತ್ತ, "ತಾಗೋ ಹೊತ್ತಿಗೆ ರಿಸ್ಟ್ ತಿರುಗಿಸಿ ಸರ್, ಚೆಂಡಿನ ಮೇಲೆ ಹೊರಳಿಸಿ, ಆಗ ಟಾಪ್‌ಸ್ಪಿನ್ ಬರುತ್ತೆ" ಎನ್ನುತ್ತಿದ್ದ. ನಾನು ತಿರುಗಿಸಿದೆ, ಹೊರಳಿಸಿದೆ. ಬೇಗ ತಿರುಗಿಸಿದರೆ ಚೆಂಡು ನೆಟ್ಟಿನ ಬುಡಕ್ಕೆ, ತಡವಾದರೆ ಹಿಂದಿನ ಬೇಲಿಗೆ. ಎರಡು ತಿಂಗಳಾದ ಮೇಲೆ ಮಣಿಕಟ್ಟಿನ ಒಳಬದಿಯಲ್ಲಿ ನೋವು ಶುರುವಾಯಿತು. ಬಾಗಿಲ ಚಿಲಕ ತಿರುಗಿಸುವಾಗಲೂ ಚುರುಕ್ಕೆನ್ನುತ್ತಿತ್ತು.

ಆ ಹುಡುಗನ ಫೋರ್‌ಹ್ಯಾಂಡ್ ಮಾತ್ರ ನೋಡುತ್ತ ನಿಲ್ಲುವಷ್ಟು ಚೆನ್ನಾಗಿತ್ತು. ಚೆಂಡು ನೆಟ್ಟಿನ ಮೇಲೆ ಒಂದು ಮೊಳ ಎತ್ತರದಲ್ಲಿ ಹಾದು, ಆಚೆ ಬೇಸ್‌ಲೈನಿನ ಹತ್ತಿರ ತಟ್ಟನೆ ಕೆಳಗಿಳಿದು, ಪುಟಿದು ಭುಜದೆತ್ತರಕ್ಕೆ ಏರುತ್ತಿತ್ತು. ಒಂದು ದಿನ ಅವನ ಹೊಡೆತವನ್ನು ಫೋನಿನ ಸ್ಲೋಮೋಷನ್ನಿನಲ್ಲಿ ಹಿಡಿದೆ. ಚೆಂಡು ತಾಗಿದ ಕ್ಷಣದಲ್ಲಿ ಅವನ ಮಣಿಕಟ್ಟು ತಿರುಗುತ್ತಿರಲಿಲ್ಲ. ಹಿಂದಕ್ಕೆ ಬಾಗಿದ್ದು ಬಾಗಿದ ಹಾಗೆಯೇ ಇತ್ತು, ರ್ಯಾಕೆಟ್ಟಿನ ಮುಖ ಹೆಚ್ಚುಕಡಿಮೆ ಗೋಡೆಯಂತೆ ನೆಟ್ಟಗೆ ನಿಂತಿತ್ತು. ಹೊರಳಿಕೆ ಬಂದದ್ದು ಚೆಂಡು ಹೊರಟುಹೋದ ಮೇಲೆ. ಅವನು ನನಗೆ ಹೇಳಿಕೊಡುತ್ತಿದ್ದದ್ದನ್ನು ಅವನೇ ಮಾಡುತ್ತಿರಲಿಲ್ಲ.

ಅವನು ಸುಳ್ಳು ಹೇಳಿದನೆಂದು ಇದರ ಅರ್ಥವಲ್ಲ. ತನಗೆ ಅನ್ನಿಸಿದ್ದನ್ನು ಪ್ರಾಮಾಣಿಕವಾಗಿ ಹೇಳಿದ. ಅಮೆರಿಕದ ಹೆಸರಾಂತ ಕೋಚ್ ವಿಕ್ ಬ್ರೇಡನ್ ಇದೇ ವಿಷಯವನ್ನು ದಶಕಗಳ ಹಿಂದೆ ಗಮನಿಸಿದ್ದರು. ದೊಡ್ಡ ದೊಡ್ಡ ಆಟಗಾರರೇ ತಾವು ಮಣಿಕಟ್ಟು ಹೊರಳಿಸಿ ಹೊಡೆಯುತ್ತೇವೆ ಎನ್ನುತ್ತಿದ್ದರು. ಚಿತ್ರಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಚೆಂಡು ತಾಗುವಾಗ ಮಣಿಕಟ್ಟು ಬಹುಮಟ್ಟಿಗೆ ಸ್ಥಿರವಾಗಿರುತ್ತಿತ್ತು. ಬಲ್ಲವರ ಕೈ ಒಂದು ಮಾಡುತ್ತದೆ, ಬಾಯಿ ಇನ್ನೊಂದು ಹೇಳುತ್ತದೆ. ಫೋರ್‌ಹ್ಯಾಂಡ್ ಸುಧಾರಿಸಿಕೊಳ್ಳಬೇಕೆನ್ನುವವರ ಮೊದಲ ತೊಡಕು ಇದು. ಇದಕ್ಕೆ ಕಾರಣ ಕಾಲದ ಲೆಕ್ಕದಲ್ಲಿದೆ.

ಟೆನಿಸ್ ಚೆಂಡು ರ್ಯಾಕೆಟ್ಟಿನ ಗಟ್ಟಿಗೆ (ತಂತಿಗಳ ಹೆಣಿಗೆಗೆ) ಅಂಟಿಕೊಂಡಿರುವುದು ಸುಮಾರು 5 ಮಿಲಿಸೆಕೆಂಡು. ಅಂದರೆ ಒಂದು ಸೆಕೆಂಡಿನ ಇನ್ನೂರನೇ ಒಂದು ಪಾಲು. ಆ ಅವಧಿಯಲ್ಲಿ 58 ಗ್ರಾಂ ತೂಕದ ಚೆಂಡು ಸೆಕೆಂಡಿಗೆ 20 ಮೀಟರಿನಂತೆ ಬಂದದ್ದು ನಿಂತು, ದಿಕ್ಕು ಬದಲಿಸಿ, 30 ಮೀಟರಿನಂತೆ ವಾಪಸು ಹೊರಡುತ್ತದೆ ಎಂದಿಟ್ಟುಕೊಳ್ಳಿ. ಗುಣಿಸಿ ಭಾಗಿಸಿದರೆ ಗಟ್ಟಿನ ಮೇಲೆ ಬೀಳುವ ಸರಾಸರಿ ಬಲ 580 ನ್ಯೂಟನ್, ಸರಿಸುಮಾರು 59 ಕಿಲೋ ಭಾರ. ಬೆಳೆದ ಒಬ್ಬ ಮನುಷ್ಯ ರ್ಯಾಕೆಟ್ಟಿನ ಮೇಲೆ ಹತ್ತಿ ಇಳಿದಂತೆ. ಚೆಂಡು ಆಗ ಅರ್ಧ ಕಿತ್ತಳೆಯಂತೆ ಚಪ್ಪಟೆಯಾಗಿರುತ್ತದೆ.

ಚೆಂಡು ಬಡಿದ ಸುದ್ದಿ ಅಂಗೈಯಿಂದ ನರಗಳ ಮೂಲಕ ಮಿದುಳಿಗೆ ಹೋಗಬೇಕು, ಅಲ್ಲಿಂದ ಅಪ್ಪಣೆ ತಿರುಗಿ ಬರಬೇಕು. ಬೇಕೆಂದು ಮಾಡುವ ಯಾವ ಪ್ರತಿಕ್ರಿಯೆಗೂ 100 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತದೆ. ಮಿದುಳನ್ನು ಕೇಳದೆ ಬೆನ್ನುಹುರಿಯೇ ಕೊಡುವ ಅನೈಚ್ಛಿಕ ಪ್ರತಿಕ್ರಿಯೆಗೂ 20ರಿಂದ 30 ಮಿಲಿಸೆಕೆಂಡು ಬೇಕು. ಅಷ್ಟರಲ್ಲಿ ಚೆಂಡು ರ್ಯಾಕೆಟ್ ಬಿಟ್ಟು ಅರ್ಧ ಮೀಟರಿಗಿಂತ ಆಚೆ ಹೋಗಿರುತ್ತದೆ. "ಆಹಾ, ಸರಿಯಾಗಿ ಕೂತಿತು" ಎಂಬ ಸುಖ ನಮ್ಮ ಅರಿವಿಗೆ ಬರುವ ಹೊತ್ತಿಗೆ ಚೆಂಡು ನೆಟ್ಟಿನ ಕಡೆಗೆ ಸಾಕಷ್ಟು ದೂರ ಸಾಗಿದೆ. ತಾಗುವಾಗ ಮಣಿಕಟ್ಟು ಹೊರಳಿಸಿದೆ ಎಂದು ಆಟಗಾರನಿಗೆ ಅನ್ನಿಸುವುದು ಈ ಕಾರಣಕ್ಕೇ. ಹೊರಳಿದ್ದೂ ನಿಜ, ತಾಗಿದ ಅನುಭವವೂ ನಿಜ. ತಡವಾಗಿ ಬಂದ ಅನುಭವವೂ ಆಮೇಲೆ ನಡೆದ ಹೊರಳಿಕೆಯೂ ಮಿದುಳಿನಲ್ಲಿ ಒಂದರ ಮೇಲೊಂದು ಕೂತುಬಿಡುತ್ತವೆ.

ಆ ಐದು ಮಿಲಿಸೆಕೆಂಡಿನಲ್ಲಿ ನಾವು ಮಾಡಬಹುದಾದದ್ದು ಏನೂ ಇಲ್ಲ. ಏನು ಮಾಡಿದರೂ ಅದಕ್ಕೂ ಮೊದಲು ಮಾಡಿರಬೇಕು. ಈ ಅಧ್ಯಾಯದಲ್ಲಿ ನಾನು ಹೇಳಹೊರಟಿರುವುದು ಇಷ್ಟೇ, ಆದರೆ ಈ ಒಂದು ಮಾತನ್ನು ನಿಜವಾಗಿ ಒಪ್ಪಿಕೊಂಡರೆ ಅಭ್ಯಾಸದ ರೀತಿಯೇ ಬದಲಾಗುತ್ತದೆ.

ಮೊದಲು, ಟಾಪ್‌ಸ್ಪಿನ್ ಯಾಕಾದರೂ ಬೇಕು? ಟೆನಿಸ್ ಅಂಕಣದ ಉದ್ದ 23.77 ಮೀಟರ್. ನಡುವಿನ ನೆಟ್ ಮಧ್ಯದಲ್ಲಿ 91.4 ಸೆಂಟಿಮೀಟರ್, ಕಂಬಗಳ ಬಳಿ 1.07 ಮೀಟರ್. ಬೇಸ್‌ಲೈನಿನಲ್ಲಿ ನಿಂತು ಸೊಂಟದೆತ್ತರಕ್ಕೆ, ಅಂದರೆ ನೆಲದಿಂದ ಒಂದು ಮೀಟರ್ ಮೇಲೆ ಚೆಂಡನ್ನು ಹೊಡೆಯುತ್ತೀರಿ ಎಂದುಕೊಳ್ಳಿ. ಅಲ್ಲಿಂದ ನೆಟ್ಟಿನ ಅಂಚನ್ನು ಸವರಿ ಹೋಗುವಂತೆ ಒಂದು ನೇರ ಗೆರೆ ಎಳೆದರೆ ಅದು ನೆಲ ಮುಟ್ಟುವುದು ನೂರು ಮೀಟರಿಗೂ ಆಚೆ, ಪಕ್ಕದ ಬೀದಿಯಲ್ಲಿ. ಚೆಂಡನ್ನು ಅಂಕಣದೊಳಗೆ ಇಳಿಸುವ ಕೆಲಸವನ್ನು ಗುರುತ್ವ ಮಾಡುತ್ತದೆ, ಗಾಳಿಯ ತಡೆ ಒಂದಿಷ್ಟು ನೆರವಾಗುತ್ತದೆ. ಜೋರಾಗಿ ಹೊಡೆದಷ್ಟೂ ಗುರುತ್ವಕ್ಕೆ ಸಿಗುವ ಸಮಯ ಕಡಿಮೆ. ಹಾಗಾಗಿ ಚಪ್ಪಟೆ ಹೊಡೆತ ಹೊಡೆಯುವವನಿಗೆ ನೆಟ್ಟಿನ ಮೇಲೆ ಕಿರಿದಾದ ಒಂದು ಕಿಟಕಿ ಮಾತ್ರ ಉಳಿಯುತ್ತದೆ. ಸ್ವಲ್ಪ ಕೆಳಗಾದರೆ ನೆಟ್, ಸ್ವಲ್ಪ ಮೇಲಾದರೆ ಔಟ್.

ಆ ಕಿಟಕಿಯನ್ನು ದೊಡ್ಡದು ಮಾಡುವುದು ತಿರುಗುವಿಕೆ. ಮುಂದಕ್ಕೆ ಉರುಳುವಂತೆ ತಿರುಗುತ್ತ ಹಾರುವ ಚೆಂಡು ತನ್ನ ಹಿಂದಿನ ಗಾಳಿಯನ್ನು ಮೇಲಕ್ಕೆ ಎಸೆಯುತ್ತದೆ. ಪ್ರತಿಯಾಗಿ ಗಾಳಿ ಅದನ್ನು ಕೆಳಕ್ಕೆ ಒತ್ತುತ್ತದೆ. ಓರೆ ಹಿಡಿದ ರ್ಯಾಕೆಟ್ಟಿನಿಂದ ಹೊಡೆದ ಚೆಂಡು ಬಾಗಿ ಹೋಗುವುದನ್ನು ನೋಡಿದ್ದೇನೆಂದು ಐಸಾಕ್ ನ್ಯೂಟನ್ 1672ರಲ್ಲಿ ಬೆಳಕಿನ ಕುರಿತ ತನ್ನ ಪತ್ರದಲ್ಲೇ ಬರೆದಿದ್ದ. ಗಾಜಿನ ಪಟ್ಟಕದಲ್ಲಿ ಬೆಳಕು ಹರಡುವುದನ್ನು ವಿವರಿಸುವಾಗ ಅವನಿಗೆ ಟೆನಿಸ್ ಚೆಂಡು ನೆನಪಾಯಿತು! ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ 1742ರಲ್ಲಿ ಬಂದೂಕಿನ ಗುಂಡು ಅಡ್ಡದಾರಿ ಹಿಡಿಯುವುದಕ್ಕೆ ಇದೇ ಕಾರಣ ಕೊಟ್ಟ. ಕೊನೆಗೆ 1852ರಲ್ಲಿ ಇದರ ಮೇಲೆ ಪ್ರಯೋಗ ಮಾಡಿದ ಜರ್ಮನಿಯ ಗುಸ್ತಾವ್ ಮ್ಯಾಗ್ನಸ್ ಹೆಸರೇ ಇದಕ್ಕೆ ನಿಂತಿತು. ಲಾರ್ಡ್ ರೇಲಿ 1877ರಲ್ಲಿ ಟೆನಿಸ್ ಚೆಂಡಿನ ಅಡ್ಡಾದಿಡ್ಡಿ ಹಾರಾಟದ ಬಗ್ಗೆಯೇ ಒಂದು ಲೇಖನ ಬರೆದ. ಮೊದಲ ವಿಂಬಲ್ಡನ್ ನಡೆದದ್ದೂ ಅದೇ ವರ್ಷ.

ಈ ಮ್ಯಾಗ್ನಸ್ ಬಲ ಎಷ್ಟಿರುತ್ತದೆ? ಸೆಕೆಂಡಿಗೆ 30 ಮೀಟರ್ ವೇಗದಲ್ಲಿ, ನಿಮಿಷಕ್ಕೆ 3000 ಸುತ್ತು ತಿರುಗುತ್ತ ಹೊರಟ ಚೆಂಡಿನ ಮೇಲೆ ಕೆಳಮುಖವಾಗಿ ಬೀಳುವ ಬಲ ಸರಿಸುಮಾರು ಅದರ ತೂಕದ ಮೂರರಲ್ಲಿ ಎರಡು ಪಾಲು. ಒಂದು ಕ್ಷಣದ ಮಟ್ಟಿಗೆ ಭೂಮಿಯೇ ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟು ಜೋರಾಗಿ ಎಳೆಯುತ್ತಿದೆಯೋ ಎಂಬಂತೆ ಚೆಂಡು ಇಳಿಯುತ್ತದೆ. ಹೀಗಾಗಿ ನೆಟ್ಟಿನ ಮೇಲೆ ಒಂದು ಮೊಳ, ಒಂದೂವರೆ ಮೊಳ ಬಿಟ್ಟು ಹೊಡೆದರೂ ಚೆಂಡು ಗೆರೆಯೊಳಗೇ ಬೀಳುತ್ತದೆ.

ಅಮೆರಿಕದ ಜಾನ್ ಯಾಂಡೆಲ್ ಅತಿವೇಗದ ಕ್ಯಾಮೆರಾ ಇಟ್ಟು ವೃತ್ತಿಪರ ಆಟಗಾರರ ಚೆಂಡಿನ ಸುತ್ತುಗಳನ್ನು ಎಣಿಸಿದರು. ಪೀಟ್ ಸಾಂಪ್ರಸ್, ಆಂಡ್ರೆ ಅಗಾಸಿ ಅವರ ಫೋರ್‌ಹ್ಯಾಂಡ್ ನಿಮಿಷಕ್ಕೆ 1800–1900 ಸುತ್ತಿನ ಆಸುಪಾಸಿನಲ್ಲಿತ್ತು. ರೋಜರ್ ಫೆಡರರ್ ಅದನ್ನು 2500 ದಾಟಿಸಿದ್ದರು. ರಫೆಲ್ ನಡಾಲ್ ಅವರದು ಸರಾಸರಿ 3200. ಸೆಕೆಂಡಿಗೆ 53 ಸುತ್ತು! ಒಂದು ಬೇಸ್‌ಲೈನಿನಿಂದ ಇನ್ನೊಂದು ಬೇಸ್‌ಲೈನಿನ ಹತ್ತಿರ ಬೀಳುವಷ್ಟರಲ್ಲಿ ಆ ಚೆಂಡು ಹತ್ತಿರ ಹತ್ತಿರ ಐವತ್ತು ಸಲ ಸುತ್ತಿರುತ್ತದೆ. ಪ್ಯಾರಿಸ್ಸಿನ ಕೆಂಪು ಮಣ್ಣಿನಲ್ಲಿ ಅದು ಬುಗುರಿಯಂತೆ ನೆಲ ಕಚ್ಚಿ ಎದುರಾಳಿಯ ಭುಜಕ್ಕೆ ಏರುತ್ತಿತ್ತು. ಒಂದೇ ಕೈಯಲ್ಲಿ ಬ್ಯಾಕ್‌ಹ್ಯಾಂಡ್ ಹೊಡೆಯುವ ಫೆಡರರ್ ಅವರಿಗೆ ಭುಜದೆತ್ತರದ ಚೆಂಡಿನಷ್ಟು ಕಷ್ಟದ್ದು ಇನ್ನೊಂದಿರಲಿಲ್ಲ. ನಡಾಲ್ 2005ರಿಂದ 2022ರ ನಡುವೆ ಅಲ್ಲಿ ಫ್ರೆಂಚ್ ಓಪನ್ 14 ಸಲ ಗೆದ್ದರು. ಕ್ರೀಡೆಯ ಇತಿಹಾಸದಲ್ಲಿ ಭೌತವಿಜ್ಞಾನದ ಒಂದೇ ಒಂದು ಪರಿಣಾಮವನ್ನು ಇಷ್ಟು ಪೂರ್ತಿಯಾಗಿ ದುಡಿಸಿಕೊಂಡವರು ಇನ್ನೊಬ್ಬರಿಲ್ಲ ಎಂದು ನನಗೆ ಅನ್ನಿಸುತ್ತದೆ.

ಹೊರಳಿಸುವುದರಿಂದ ಅಲ್ಲವಾದರೆ ಈ ತಿರುಗುವಿಕೆ ಎಲ್ಲಿಂದ ಬಂತು? ರ್ಯಾಕೆಟ್ಟಿನ ದಾರಿಯಿಂದ. ಮುಖ ನೆಟ್ಟಗಿಟ್ಟುಕೊಂಡೇ ರ್ಯಾಕೆಟ್ ಕೆಳಗಿನಿಂದ ಮೇಲಕ್ಕೆ, ಓರೆಯಾಗಿ ಏರುತ್ತ ಚೆಂಡನ್ನು ಸಂಧಿಸಬೇಕು. ಆಗ ವೇಗದ ಒಂದು ಪಾಲು ಚೆಂಡನ್ನು ಮುಂದಕ್ಕೆ ತಳ್ಳುತ್ತದೆ, ಇನ್ನೊಂದು ಪಾಲು ಅದರ ಬೆನ್ನನ್ನು ಮೇಲಕ್ಕೆ ಉಜ್ಜುತ್ತದೆ. ರ್ಯಾಕೆಟ್ಟಿನ ತಲೆ ಚೆಂಡಿಗಿಂತ ಎಷ್ಟು ಕೆಳಗಿನಿಂದ ಹೊರಟಿತು ಎಂಬುದು ಇಲ್ಲಿ ಮುಖ್ಯ. ಅದು ನಿರ್ಧಾರವಾಗುವುದು ತಾಗುವುದಕ್ಕೆ ಕಾಲು ಸೆಕೆಂಡು ಮೊದಲು.

ಇಲ್ಲಿ ನನ್ನನ್ನು ಬಹಳ ದಿನ ಕಾಡಿದ ಒಂದು ಸಂಗತಿ ಇದೆ. ಎದುರಾಳಿಯ ಚೆಂಡು ನೆಲಕ್ಕೆ ಬಡಿದು ಮೇಲೇಳುವಾಗ ನೆಲದ ಘರ್ಷಣೆ ಅದಕ್ಕೆ ಮುಂದಕ್ಕೆ ಉರುಳುವ ತಿರುಗುವಿಕೆಯನ್ನು ಕೊಟ್ಟಿರುತ್ತದೆ. ಅಂಥ ಚೆಂಡನ್ನು ಟಾಪ್‌ಸ್ಪಿನ್ ಆಗಿಯೇ ಹಿಂದಿರುಗಿಸಬೇಕಾದರೆ ರ್ಯಾಕೆಟ್ ಮೊದಲು ಬಂದ ತಿರುಗುವಿಕೆಯನ್ನು ನಿಲ್ಲಿಸಬೇಕು, ಆಮೇಲೆ ಅದನ್ನು ಉಲ್ಟಾ ದಿಕ್ಕಿಗೆ ತಿರುಗಿಸಬೇಕು. ಚೆಂಡನ್ನು ಮೇಲಿನಿಂದ ಕೆಳಕ್ಕೆ ಸವರಿ ಸ್ಲೈಸ್ ಮಾಡುವವನಿಗೆ ಈ ತಾಪತ್ರಯ ಇಲ್ಲ. ಚೆಂಡು ತಿರುಗುತ್ತಿದ್ದ ದಿಕ್ಕಿನಲ್ಲೇ ತಿರುಗುತ್ತ ವಾಪಸು ಹೋದರೆ ಅದೇ ಬ್ಯಾಕ್‌ಸ್ಪಿನ್ ಆಗುತ್ತದೆ. ಹೊಸಬರ ಸ್ಲೈಸ್ ಒಂದು ವಾರದಲ್ಲಿ ಬರುವುದಕ್ಕೂ ಟಾಪ್‌ಸ್ಪಿನ್ ವರ್ಷಗಟ್ಟಲೆ ಸತಾಯಿಸುವುದಕ್ಕೂ ಇದು ಒಂದು ಕಾರಣ. ಟಾಪ್‌ಸ್ಪಿನ್ನಿಗೆ ರ್ಯಾಕೆಟ್ಟಿನ ತಲೆ ನಿಜಕ್ಕೂ ವೇಗವಾಗಿ ಚಲಿಸಬೇಕು. ಮೆಲ್ಲಗೆ, ಹುಷಾರಾಗಿ ಟಾಪ್‌ಸ್ಪಿನ್ ಹೊಡೆಯಲು ಬರುವುದಿಲ್ಲ.

ಗಟ್ಟಿನ ಕತೆಯನ್ನೂ ಇಲ್ಲಿ ಹೇಳಬೇಕು. 1977ರಲ್ಲಿ ಜರ್ಮನಿಯ ತೋಟಗಾರಿಕೆ ಬಲ್ಲ ವರ್ನರ್ ಫಿಷರ್ ಎಂಬಾತ ರೂಪಿಸಿದ ಒಂದು ವಿಚಿತ್ರ ರ್ಯಾಕೆಟ್ ಟೆನಿಸ್ ಲೋಕವನ್ನು ಕಂಗೆಡಿಸಿತು. ಅದರ ಉದ್ದದ ತಂತಿಗಳು ಅಡ್ಡ ತಂತಿಗಳ ಜೊತೆ ಹೆಣೆದುಕೊಂಡಿರಲಿಲ್ಲ. ಎರಡು ಪದರವಾಗಿ ಆಚೀಚೆ ಜಾರುತ್ತಿದ್ದವು. ಸ್ಪಾಗೆಟಿ ರ್ಯಾಕೆಟ್ ಎಂದು ಅದಕ್ಕೆ ಹೆಸರಾಯಿತು. ಆ ವರ್ಷ ಮಣ್ಣಿನ ಅಂಕಣದಲ್ಲಿ ಒಂದರ ಹಿಂದೊಂದು 50ಕ್ಕೂ ಹೆಚ್ಚು ಪಂದ್ಯ ಗೆದ್ದು ಬಂದಿದ್ದ ಗಿಲೆರ್ಮೊ ವಿಲಾಸ್, ಫ್ರಾನ್ಸಿನ ಎಕ್ಸಾನ್‌ಪ್ರೊವಾನ್ಸ್ ಊರಿನ ಫೈನಲ್ಲಿನಲ್ಲಿ ಇಲಿ ನಾಸ್ಟಾಸೆಯ ಕೈಯಲ್ಲಿದ್ದ ಆ ರ್ಯಾಕೆಟ್ಟಿನ ಎದುರು ಎರಡು ಸೆಟ್ ಸೋತು ಆಟ ಬಿಟ್ಟು ನಡೆದ. ಸ್ವಲ್ಪ ದಿನಕ್ಕೇ ಅಂತಾರಾಷ್ಟ್ರೀಯ ಟೆನಿಸ್ ಫೆಡರೇಷನ್ ಆ ರ್ಯಾಕೆಟ್ಟನ್ನು ನಿಷೇಧಿಸಿತು.

ಜಾರುವ ತಂತಿಯ ಗುಟ್ಟು ಮಾತ್ರ ಬೇರೆ ಬಾಗಿಲಿನಿಂದ ಒಳಗೆ ಬಂತು. 66ನೇ ರ್ಯಾಂಕಿನ ಬ್ರೆಜಿಲ್ ಹುಡುಗ ಗುಸ್ತಾವೊ ಕ್ಯುರ್ಟೆನ್ 1997ರಲ್ಲಿ ಫ್ರೆಂಚ್ ಓಪನ್ ಗೆದ್ದಾಗ ಅವನ ರ್ಯಾಕೆಟ್ಟಿನಲ್ಲಿದ್ದದ್ದು ಪಾಲಿಯೆಸ್ಟರ್ ಗಟ್. ಪಾಲಿಯೆಸ್ಟರ್ ಬಿಗಿ, ನುಣುಪು. ಚೆಂಡು ಉಜ್ಜಿದಾಗ ಉದ್ದದ ತಂತಿಗಳು ಪಕ್ಕಕ್ಕೆ ಸರಿಯುತ್ತವೆ. ಅಡ್ಡ ತಂತಿಗಳ ಮೇಲೆ ಜಾರಲು ಸಲೀಸಾಗಿರುವುದರಿಂದ, ಚೆಂಡು ಇನ್ನೂ ಅಲ್ಲಿರುವಾಗಲೇ ಸ್ವಸ್ಥಾನಕ್ಕೆ ಚಿಮ್ಮಿ, ಹೋಗುವ ಚೆಂಡಿಗೆ ಇನ್ನೊಂದು ತಿರುವು ಕೊಟ್ಟು ಕಳಿಸುತ್ತವೆ. ಒರಟು ಗಟ್ ಚೆಂಡನ್ನು ಹೆಚ್ಚು ಹಿಡಿಯುತ್ತದೆ, ಆದ್ದರಿಂದ ಹೆಚ್ಚು ತಿರುಗಿಸುತ್ತದೆ ಎಂದು ಬಹುಕಾಲ ಎಲ್ಲರೂ ನಂಬಿದ್ದರು. ಸಿಡ್ನಿ ವಿಶ್ವವಿದ್ಯಾಲಯದ ಭೌತವಿಜ್ಞಾನಿ ರಾಡ್ ಕ್ರಾಸ್ ಮತ್ತಿತರರ ಪ್ರಯೋಗಗಳು ತೋರಿಸಿದ್ದು ಬೇರೆ: ತಂತಿ ತಂತಿಯ ನಡುವೆ ಜಾರಿಕೆ ಇರಬೇಕು. ಗಟ್ಟಿನ ಮೇಲೆ ಆಳವಾದ ಕಚ್ಚುಗಳು ಬಿದ್ದು, ಉದ್ದದ ತಂತಿಗಳು ಸರಿದಲ್ಲೇ ನಿಂತುಬಿಡುತ್ತಿದ್ದರೆ ಆ ಗಟ್ಟಿನ ಆಯುಸ್ಸು ಮುಗಿದಂತೆ. ಆಟದ ನಡುವೆ ಬೆರಳಿನಿಂದ ತಂತಿ ಸರಿಪಡಿಸಿಕೊಳ್ಳಬೇಕಾಗಿ ಬಂದರೆ ಅಂಗಡಿಗೆ ಒಯ್ದು ಹೊಸ ಗಟ್ ಹಾಕಿಸಿ. ಆದರೂ ಹೇಳಿಬಿಡುತ್ತೇನೆ, ಪಾಲಿಯೆಸ್ಟರ್ ಬಿಗಿಯಾದದ್ದು. ವಾರಕ್ಕೆರಡು ದಿನ ಆಡುವ ನಡುವಯಸ್ಸಿನವರ ಮೊಣಕೈಗೆ ಮೆತ್ತನೆಯ ನೈಲಾನ್ ಗಟ್ಟೇ ಹಿತ. ಬಿಯಾನ್ ಬೋರ್ಗ್ ಮರದ ರ್ಯಾಕೆಟ್ಟಿಗೆ 80 ಪೌಂಡಿನ ಹತ್ತಿರ ಬಿಗಿದು ಅದರಲ್ಲೇ ಟಾಪ್‌ಸ್ಪಿನ್ ಹೊಡೆದು ಆರು ಸಲ ಫ್ರೆಂಚ್ ಓಪನ್ ಗೆದ್ದರು. ತಂತಿ ನೆರವಾಗುತ್ತದೆ ಅಷ್ಟೆ.

ಹಿಡಿತದ ಬಗ್ಗೆ ಹೆಚ್ಚು ಬೆಳೆಸುವುದಿಲ್ಲ. ಅಂಗೈಯನ್ನು ಹಿಡಿಯ ಹಿಂಬದಿಗೆ ಇಟ್ಟು ಕೈಕುಲುಕಿದಂತೆ ಹಿಡಿದರೆ ಈಸ್ಟರ್ನ್. ಅಂಗೈ ಇನ್ನೂ ಕೆಳಕ್ಕೆ ಸರಿದಷ್ಟೂ ಸೆಮಿ ವೆಸ್ಟರ್ನ್, ವೆಸ್ಟರ್ನ್. ಈ ವೆಸ್ಟರ್ನ್ ಅಮೆರಿಕದ ಪಶ್ಚಿಮದ್ದು. ಕ್ಯಾಲಿಫೋರ್ನಿಯಾದ ಸಿಮೆಂಟ್ ಅಂಕಣಗಳಲ್ಲಿ ಚೆಂಡು ಎತ್ತರ ಪುಟಿಯುತ್ತಿತ್ತು. ಎದೆಯೆತ್ತರದ ಚೆಂಡಿಗೆ ರ್ಯಾಕೆಟ್ಟಿನ ಮುಖ ನೆಟ್ಟಗೆ ನಿಲ್ಲಬೇಕಾದರೆ ಅಂಗೈ ಕೆಳಗಿರಲೇಬೇಕು. ಇಂದಿನ ಹಾರ್ಡ್ ಕೋರ್ಟಿನಲ್ಲಿ ಕಲಿಯುವವರಿಗೆ ಸೆಮಿ ವೆಸ್ಟರ್ನ್ ಒಳ್ಳೆಯ ನಡುದಾರಿ.

ಎಷ್ಟು ಬಿಗಿ ಹಿಡಿಯಬೇಕು ಎಂಬುದಕ್ಕೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಹೊವಾರ್ಡ್ ಬ್ರೋಡಿ ಮತ್ತು ಅವರ ನಂತರದವರು ಕೊಟ್ಟ ಉತ್ತರ ಆಟಗಾರರಿಗೆ ನಂಬಲು ಕಷ್ಟ. ಗಟ್ಟಿನ ನಡುವೆ ತಾಗಿದ ಚೆಂಡಿನ ಮರುವೇಗ ನೀವು ಹಿಡಿಯನ್ನು ಬಿಗಿಯಾಗಿ ಹಿಡಿದಿರೋ ಸಡಿಲವಾಗಿ ಹಿಡಿದಿರೋ ಎಂಬುದನ್ನು ಬಹುಮಟ್ಟಿಗೆ ಕೇಳುವುದೇ ಇಲ್ಲ. ರ್ಯಾಕೆಟ್ಟಿನ ತಲೆಗೆ ಬಿದ್ದ ಪೆಟ್ಟಿನ ಕಂಪನ ಹಿಡಿಗಿಳಿದು, ಕೈಯ ಬಿಗಿತವನ್ನು ಹೊತ್ತು ಮರಳಿ ತಲೆಗೆ ಏರುವಷ್ಟರಲ್ಲಿ ಚೆಂಡು ಹೊರಟಾಗಿರುತ್ತದೆ. ಆ ಕ್ಷಣದ ಮಟ್ಟಿಗೆ ರ್ಯಾಕೆಟ್ ಗಾಳಿಯಲ್ಲಿ ಬಿಟ್ಟುಬಿಟ್ಟ ವಸ್ತುವಿನಂತೆಯೇ. ಹಲ್ಲು ಕಚ್ಚಿ ಹಿಡಿ ಹಿಂಡುವುದರಿಂದ ಸಿಗುವುದು ಮುಂಗೈಯ ಸೆಳೆತ ಮಾತ್ರ. ಜೊತೆಗೆ ಮಣಿಕಟ್ಟಿನ ಸ್ನಾಯುಗಳೆಲ್ಲ ಒಟ್ಟಿಗೆ ಬಿಗಿದು ರ್ಯಾಕೆಟ್ಟಿನ ತಲೆಯ ವೇಗವೇ ಇಳಿಯುತ್ತದೆ.

ಹಾಗಾದರೆ ವೇಗ ಹುಟ್ಟುವುದೆಲ್ಲಿ? ಜೋಳದ ಹೊಲದಲ್ಲಿ ಮಂಚಿಕೆಯ ಮೇಲೆ ನಿಂತು ಕವಣೆ ಬೀಸುವವರನ್ನು ನೀವು ನೋಡಿದ್ದರೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕಲ್ಲಿನ ವೇಗ ಕೈಯಲ್ಲಿ ಶುರುವಾಗುವುದಿಲ್ಲ. ಕಾಲು ಒತ್ತಿ, ಸೊಂಟ ತಿರುಗಿ, ಭುಜ ಹಿಂಬಾಲಿಸಿ, ತೋಳು ಎಳೆದುಕೊಂಡು, ಕಟ್ಟಕಡೆಗೆ ಹಗ್ಗದ ತುದಿ ಸಿಡಿಯುತ್ತದೆ. ಪ್ರತಿ ಹಂತದಲ್ಲೂ ದಪ್ಪನೆಯ, ಭಾರದ ಭಾಗ ತಾನು ನಿಧಾನವಾಗುತ್ತ ಮುಂದಿನ ಹಗುರ ಭಾಗಕ್ಕೆ ತನ್ನ ಚಲನೆಯನ್ನು ದಾಟಿಸುತ್ತದೆ. ಫೋರ್‌ಹ್ಯಾಂಡ್ ಹೊಡೆತವೂ ಇದೇ ಸರಪಳಿ. ಕಾಲುಗಳು ನೆಲವನ್ನು ಒತ್ತುತ್ತವೆ, ನೆಲ ತಿರುಗಿ ಒತ್ತುತ್ತದೆ. ಸೊಂಟ ಮೊದಲು ಮುಂದಕ್ಕೆ ತಿರುಗುತ್ತದೆ, ಎದೆ ಇನ್ನೂ ಹಿಂದೆಯೇ ಇರುತ್ತದೆ. ಈ ಅಂತರದಲ್ಲಿ ಹೊಟ್ಟೆಯ ಓರೆ ಸ್ನಾಯುಗಳು ರಬ್ಬರಿನಂತೆ ಹಿಗ್ಗುತ್ತವೆ. ಹಿಗ್ಗಿದ ಸ್ನಾಯು ತಕ್ಷಣ ಕುಗ್ಗಿದರೆ ಸುಮ್ಮನೆ ಕುಗ್ಗಿದ್ದಕ್ಕಿಂತ ಹೆಚ್ಚು ಬಲ ಕೊಡುತ್ತದೆ. ಎದೆ ಸುಯ್ಯನೆ ತಿರುಗಿದಾಗ ತೋಳು, ಮುಂಗೈ, ರ್ಯಾಕೆಟ್ ಹಿಂದೆ ಉಳಿಯುತ್ತವೆ. ಒದ್ದೆ ಸೀರೆಯನ್ನು ಒಗೆಯುವ ಕಲ್ಲಿಗೆ ಬೀಸುವಾಗ ಸೀರೆಯ ತುದಿ ಹಿಂದೆ ಉಳಿಯುತ್ತದಲ್ಲ, ಹಾಗೆ. ಮಣಿಕಟ್ಟು ಹಿಂದಕ್ಕೆ ಬಾಗುವುದೂ ಹೀಗೆಯೇ, ರ್ಯಾಕೆಟ್ಟಿನ ಭಾರಕ್ಕೆ ತಾನಾಗಿ. ನನ್ನ ಕೋಚ್ ಮಣಿಕಟ್ಟಿನಿಂದ ಏನನ್ನೂ ಮಾಡುತ್ತಿರಲಿಲ್ಲ, ಅದಕ್ಕೆ ಆಗಗೊಡುತ್ತಿದ್ದ.

ಕೊನೆಯ ಹಂತದಲ್ಲಿ ತೋಳಿನ ಮೂಳೆ ಭುಜದ ಕೀಲಿನಲ್ಲಿ ಒಳಮುಖವಾಗಿ ಹೊರಳುತ್ತದೆ. ರ್ಯಾಕೆಟ್ಟಿನ ವೇಗದಲ್ಲಿ ಇದಕ್ಕೆ ದೊಡ್ಡ ಪಾಲಿದೆ. ಆಮೇಲೆ ಕಾಣುವ, ಎಲ್ಲರೂ ಮಣಿಕಟ್ಟಿನದೆಂದು ತಿಳಿಯುವ ಆ ಹೊರಳಿಕೆ ಬಹುಮಟ್ಟಿಗೆ ಇದರ ಮುಂದುವರಿಕೆ.

ಸರಪಳಿಯ ಮೊದಲ ಕೊಂಡಿ ಕಾಲಾದ್ದರಿಂದ ಸುಧಾರಣೆಯನ್ನೂ ಅಲ್ಲಿಂದಲೇ ಶುರುಮಾಡಬೇಕೆಂಬುದು ನನ್ನ ಅನುಭವ. ಎದುರಾಳಿ ಚೆಂಡು ಹೊಡೆಯುವ ಹೊತ್ತಿಗೆ ಸಣ್ಣದಾಗಿ ಒಂದು ಚಿಮ್ಮು ಹಾಕಿ ಎರಡೂ ಕಾಲಿನ ಮೇಲೆ ಇಳಿಯುವುದನ್ನು ಸ್ಪ್ಲಿಟ್ ಸ್ಟೆಪ್ ಎನ್ನುತ್ತಾರೆ. ಇಳಿಯುವ ಹೊತ್ತಿಗೆ ಸರಿಯಾಗಿ ಮೀನಖಂಡ, ತೊಡೆಗಳು ಹಿಗ್ಗಿ ಸಿದ್ಧವಾಗಿರುತ್ತವೆ, ಯಾವ ಕಡೆಗಾದರೂ ಸಿಡಿಯಬಹುದು. ಕೊಡಗಿನ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ಡಬಲ್ಸಿನಲ್ಲಿ ವಿಶ್ವದ ಮೊದಲ ಸ್ಥಾನಕ್ಕೇರಿದ ಅತಿ ಹಿರಿಯ ಆಟಗಾರರಾದರು. ಅದಕ್ಕೂ ಕೆಲ ವರ್ಷ ಮೊದಲು ಅವರ ಮಂಡಿಯ ಮೃದ್ವಸ್ಥಿ ಸವೆದುಹೋಗಿತ್ತು. ಅಯ್ಯಂಗಾರ್ ಯೋಗ ತಮ್ಮ ಕಾಲಿಗೆ ಬಲ ತಂದಿತು, ನೋವಿಲ್ಲದೆ ಆಡುವಂತಾಯಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಅವರ ಹೊಡೆತಗಳ ರಭಸ ನೋಡುವವರ ಕಣ್ಣು ಸಹಜವಾಗಿ ಅವರ ಭುಜದ ಮೇಲಿರುತ್ತಿತ್ತು.

ಇನ್ನು ಕಾಲದ ಇನ್ನೊಂದು ಲೆಕ್ಕ. ರ್ಯಾಕೆಟ್ಟಿನ ತಲೆ ಸೆಕೆಂಡಿಗೆ 25 ಮೀಟರಿನಂತೆ, ಸುಮಾರು ಒಂದು ಮೀಟರ್ ತ್ರಿಜ್ಯದ ಕಮಾನಿನಲ್ಲಿ ಬರುತ್ತಿದೆ ಎನ್ನಿ. ಪ್ರತಿ ಮಿಲಿಸೆಕೆಂಡಿಗೆ ಅದರ ಮುಖ ಸುಮಾರು ಒಂದೂವರೆ ಡಿಗ್ರಿ ತಿರುಗುತ್ತದೆ. ಅಷ್ಟು ತಿರುಗಿದರೆ ಅಂಕಣದ ಆಚೆ ತುದಿಯಲ್ಲಿ ಚೆಂಡು ಅರ್ಧ ಮೀಟರಿಗಿಂತ ಹೆಚ್ಚು ಪಕ್ಕಕ್ಕೆ ಬೀಳುತ್ತದೆ. ಸಿಂಗಲ್ಸ್ ಅಂಕಣದ ಅಗಲ 8.23 ಮೀಟರ್. ನಡುವಿಗೆ ಗುರಿಯಿಟ್ಟು ಹೊಡೆದರೂ ಆಚೆ ಈಚೆ ಏಳೆಂಟು ಮಿಲಿಸೆಕೆಂಡು ತಪ್ಪಿದರೆ ಚೆಂಡು ಔಟ್. ಬರುವ ಚೆಂಡನ್ನು ಕಂಡು ಪ್ರತಿಕ್ರಿಯಿಸಲು ಮನುಷ್ಯನಿಗೆ ಬೇಕಾದ ಸಮಯ 200 ಮಿಲಿಸೆಕೆಂಡು. ಏಳು ಎಲ್ಲಿ, ಇನ್ನೂರು ಎಲ್ಲಿ! ಆದರೂ ಬೀದಿಯಲ್ಲಿ ಆಡುವ ಮಕ್ಕಳು ಗಾಳಿಗೆ ಎಗರಿಸಿದ ಗಿಲ್ಲಿಗೆ ದಾಂಡು ಬೀಸಿ ತಾಗಿಸುತ್ತಾರೆ. ನೋಡಿ ಹೊಡೆಯುವುದಲ್ಲ ಅದು, ಎಲ್ಲಿರುತ್ತದೆಂದು ಮೊದಲೇ ಅಂದಾಜಿಸಿ ಹೊಡೆಯುವುದು.

ಈ ಅಂದಾಜಿನ ಕೆಲಸವನ್ನು ಸುಲಭ ಮಾಡಿಕೊಳ್ಳಲು ಬಲ್ಲವರು ಮಾಡುವುದು ಎರಡು. ಚೆಂಡು ಇನ್ನೂ ನೆಟ್ ದಾಟುವ ಮೊದಲೇ ಭುಜ ತಿರುಗಿಸಿಬಿಡುತ್ತಾರೆ, ಎಡಗೈಯೂ ರ್ಯಾಕೆಟ್ಟಿನ ಕತ್ತಿನ ಮೇಲಿದ್ದು ಜೊತೆಯಲ್ಲೇ ತಿರುಗುತ್ತದೆ. ಎದುರಾಳಿ ಹೊಡೆದ ಚೆಂಡು ನಿಮ್ಮನ್ನು ತಲುಪಲು ಒಂದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಅದರ ಮೊದಲರ್ಧದಲ್ಲಿ ತಿರುಗುವಿಕೆ ಮುಗಿದರೆ ಉಳಿದರ್ಧ ಅಂದಾಜಿಗೆ ಸಿಗುತ್ತದೆ. ಇನ್ನೊಂದು, ಚೆಂಡನ್ನು ದೇಹದ ಪಕ್ಕದಲ್ಲಲ್ಲ, ಮುಂದೆ ಸಂಧಿಸುತ್ತಾರೆ. ಅಲ್ಲಿ ಎದೆ, ತೋಳು ಎರಡೂ ಮುಂದಕ್ಕೆ ಚಲಿಸುತ್ತ ಕಮಾನು ಸ್ವಲ್ಪ ನೆಟ್ಟಗಾಗುತ್ತದೆ, ರ್ಯಾಕೆಟ್ಟಿನ ಮುಖ ಒಂದೇ ದಿಕ್ಕು ನೋಡುವ ಕಾಲ ಕೆಲವೇ ಮಿಲಿಸೆಕೆಂಡು ಹಿಗ್ಗುತ್ತದೆ. ಅಷ್ಟೇ ಸಾಕು. ಫೆಡರರ್ ಅವರ ಚಿತ್ರಗಳಲ್ಲಿ ಚೆಂಡು ಹೋದ ಮೇಲೂ ಕಣ್ಣು ತಾಗಿದ ಜಾಗದಲ್ಲೇ ನೆಟ್ಟಿರುವುದು ಕಾಣುತ್ತದೆ. ಅಲ್ಲಿ ನೋಡಲು ಏನೂ ಉಳಿದಿಲ್ಲ. ತಲೆ ಬೇಗ ಮೇಲೆತ್ತಿದರೆ ಭುಜವೂ ಎದ್ದು ಕಮಾನು ಕೆಡುತ್ತದೆ, ಅದನ್ನು ತಡೆಯುವ ಉಪಾಯ ಅದು ಎಂದು ನಾನು ಅರ್ಥಮಾಡಿಕೊಂಡಿದ್ದೇನೆ.

ಇಷ್ಟೆಲ್ಲ ತಿಳಿದ ಮೇಲೂ ನನ್ನ ಫೋರ್‌ಹ್ಯಾಂಡ್ ಮಾರನೆಯ ದಿನ ಬೆಳಿಗ್ಗೆ ಸರಿಹೋಗಲಿಲ್ಲ. ತಿಳಿದದ್ದು ಮೈಗೆ ಇಳಿಯುವ ದಾರಿಯೂ ಒಂದು ವಿಜ್ಞಾನ.

1920ರ ದಶಕದಲ್ಲಿ ಮಾಸ್ಕೋದಲ್ಲಿ ನಿಕೊಲಾಯ್ ಬರ್ನ್‌ಸ್ಟೈನ್ ಎಂಬ ವಿಜ್ಞಾನಿ ಕೆಲಸಗಾರರ ಕೀಲುಗಳಿಗೆ ಪುಟ್ಟ ದೀಪಗಳನ್ನು ಕಟ್ಟಿ, ಉಳಿಗೆ ಸುತ್ತಿಗೆಯಿಂದ ಹೊಡೆಯುವುದನ್ನು ಚಿತ್ರೀಕರಿಸಿದ. ನುರಿತವರ ತೋಳು ಪ್ರತಿಸಲ ಒಂದೇ ದಾರಿಯಲ್ಲಿ ಬರುತ್ತದೆಂದು ಯಾರಾದರೂ ಊಹಿಸುತ್ತಾರೆ. ಕಂಡದ್ದು ಹಾಗಲ್ಲ. ಸುತ್ತಿಗೆಯ ತುದಿ ಮಾತ್ರ ಪ್ರತಿಸಲ ಉಳಿಯ ತಲೆಗೇ ಬೀಳುತ್ತಿತ್ತು. ಭುಜ, ಮೊಣಕೈ, ಮಣಿಕಟ್ಟುಗಳು ಪ್ರತಿಸಲ ಚೂರು ಚೂರು ಬೇರೆ ದಾರಿ ಹಿಡಿಯುತ್ತಿದ್ದವು. ಭುಜದಲ್ಲಿ ಆದ ತಪ್ಪನ್ನು ಮೊಣಕೈ ಸರಿದೂಗಿಸುತ್ತಿತ್ತು. ಕುಶಲತೆ ಎಂದರೆ ಒಂದೇ ಚಲನೆಯನ್ನು ಮರುಕಳಿಸುವುದಲ್ಲ, ಒಂದೇ ಸಮಸ್ಯೆಯನ್ನು ಮತ್ತೆ ಮತ್ತೆ ಬಿಡಿಸುವುದು ಎಂಬ ತೀರ್ಮಾನಕ್ಕೆ ಅವನು ಬಂದ.

ಟೆನಿಸ್ ಕಲಿಸುವವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಒಂದೇ ಜಾಗಕ್ಕೆ, ಒಂದೇ ಎತ್ತರಕ್ಕೆ ನೂರು ಚೆಂಡು ಹಾಕಿಸಿಕೊಂಡು ಹೊಡೆದರೆ ಆ ದಿನ ಕೈ ಕುದುರಿದಂತೆ ಕಾಣುತ್ತದೆ, ಪಂದ್ಯದ ದಿನ ಎಲ್ಲ ಮಾಯ. 1979ರಲ್ಲಿ ಜಾನ್ ಶೀ ಮತ್ತು ರಾಬಿನ್ ಮಾರ್ಗನ್ ನಡೆಸಿದ ಪ್ರಯೋಗದಲ್ಲಿ, ಹಲವು ಕೈಚಲನೆಗಳನ್ನು ಬೆರೆಸಿ ಕಲಿತವರು ಅಭ್ಯಾಸದ ಹೊತ್ತಿನಲ್ಲಿ ಹಿಂದುಳಿದರು, ಆದರೆ ದಿನಗಳು ಕಳೆದ ಮೇಲೆ ಪರೀಕ್ಷಿಸಿದಾಗ ಅವರೇ ಮುಂದಿದ್ದರು. ಅದಾದ ಮೇಲೆ ಬೇರೆ ಬೇರೆ ಆಟಗಳಲ್ಲೂ ಇಂಥದ್ದೇ ಫಲ ಕಂಡಿದೆ. ಹಾಗಾಗಿ ಚೆಂಡು ಹಾಕುವವರಿಗೆ ಹೇಳಿ: ಒಂದು ಆಳಕ್ಕೆ, ಒಂದು ಗಿಡ್ಡಕ್ಕೆ, ನಡುವೆ ಒಂದು ಬ್ಯಾಕ್‌ಹ್ಯಾಂಡಿಗೆ. ಆ ಹೊತ್ತಿಗೆ ತಪ್ಪು ಹೆಚ್ಚುತ್ತದೆ, ಹೆಚ್ಚಲಿ.

ಗಮನ ಎಲ್ಲಿರಬೇಕು ಎಂಬುದು ಇನ್ನೊಂದು ಪ್ರಶ್ನೆ. ಗೇಬ್ರಿಯೆಲೆ ವುಲ್ಫ್ ಮತ್ತು ಸಂಗಡಿಗರು 1998ರಿಂದೀಚೆಗೆ ನಡೆಸಿದ ಅಧ್ಯಯನಗಳಲ್ಲಿ, ತಮ್ಮ ಕೈಕಾಲಿನ ಮೇಲೆ ಗಮನವಿಟ್ಟವರಿಗಿಂತ ಆ ಚಲನೆಯ ಫಲದ ಮೇಲೆ ಗಮನವಿಟ್ಟವರು ಬೇಗ ಕಲಿತರು. ಮೊಣಕೈ ಎಲ್ಲಿದೆ, ಮಣಿಕಟ್ಟು ಹೇಗಿದೆ ಎಂದು ಯೋಚಿಸತೊಡಗಿದರೆ ತಾನಾಗಿ ನಡೆಯಬೇಕಾದ ಸರಪಳಿಗೆ ನಾವೇ ಅಡ್ಡಗಾಲು ಹಾಕಿದಂತಾಗುತ್ತದೆ. ನಾನು ನೆಟ್ಟಿನ ಎರಡೂ ಕಂಬದ ಮೇಲೆ ಒಂದೊಂದು ಬಿದಿರಿನ ಕೋಲು ಕಟ್ಟಿ, ನೆಟ್ಟಿಗಿಂತ ಒಂದು ಮೀಟರ್ ಮೇಲೆ ಹಗ್ಗವೊಂದನ್ನು ಎಳೆದೆ. ಚೆಂಡು ಆ ಹಗ್ಗದ ಮೇಲಿನಿಂದ ಹೋಗಿ ಗೆರೆಯೊಳಗೆ ಬೀಳಬೇಕು, ಇಷ್ಟೇ ನಿಯಮ. ಮೆಲ್ಲಗೆ ಹೊಡೆದರೆ ಗಿಡ್ಡ ಬೀಳುತ್ತದೆ, ಚಪ್ಪಟೆಯಾಗಿ ಜೋರು ಹೊಡೆದರೆ ಔಟ್. ಯಾರೂ ಏನೂ ಹೇಳದೆಯೇ ಮೂರನೇ ವಾರದಿಂದ ನನ್ನ ರ್ಯಾಕೆಟ್ ಕೆಳಗಿನಿಂದ ಮೇಲಕ್ಕೆ ಬರತೊಡಗಿತು. ಕೋಚ್ ಕೂಡ ಈಗ ಬ್ಯಾಚಿನ ಮಕ್ಕಳಿಗೆ ಆ ಹಗ್ಗ ಕಟ್ಟುತ್ತಾನೆ.

ಈಗಲೂ ತಿಂಗಳಿಗೊಮ್ಮೆ ಫೋನನ್ನು ಬೇಲಿಗೆ ಸಿಕ್ಕಿಸಿ ನನ್ನ ಹೊಡೆತವನ್ನು ಹಿಡಿಯುತ್ತೇನೆ. ಸೆಕೆಂಡಿಗೆ 240 ಚಿತ್ರ ತೆಗೆಯುವ ಕ್ಯಾಮೆರಾ ಅದು, ನಾಲ್ಕು ಮಿಲಿಸೆಕೆಂಡಿಗೊಂದು. ಚೆಂಡು ಗಟ್ಟಿಗೆ ಅಂಟಿರುವುದು ಕಾಣುವುದು ಒಂದೇ ಚಿತ್ರದಲ್ಲಿ, ಅದೃಷ್ಟವಿದ್ದರೆ ಎರಡರಲ್ಲಿ. ಮೊದಮೊದಲು ಆ ಚಿತ್ರವನ್ನೇ ಹಿಗ್ಗಿಸಿ ನೋಡುತ್ತಿದ್ದೆ. ಈಗ ಅದನ್ನು ದಾಟಿ ಹಿಂದಕ್ಕೆ ಸರಿಸುತ್ತೇನೆ. ಅರ್ಧ ಸೆಕೆಂಡು ಹಿಂದೆ, ನೂರಿಪ್ಪತ್ತು ಚಿತ್ರಗಳ ಹಿಂದೆ, ಚೆಂಡು ನನ್ನ ಕಡೆಯ ನೆಲಕ್ಕೂ ಬಿದ್ದಿಲ್ಲ; ನನ್ನ ಎಡಗೈ ರ್ಯಾಕೆಟ್ಟಿನ ಕತ್ತನ್ನು ಇನ್ನೂ ಹಿಡಿದಿದೆಯೇ, ಎಡಭುಜ ನೆಟ್ಟಿನ ಕಡೆ ತಿರುಗಿದೆಯೇ, ಬಲಮಂಡಿ ಬಾಗಿದೆಯೇ. ಕಳೆದ ತಿಂಗಳ ಚಿತ್ರದಲ್ಲಿ ಎಡಗೈ ಬಿಟ್ಟಾಗಿತ್ತು. ಈ ತಿಂಗಳು ಇನ್ನೂ ಅಲ್ಲೇ ಇದೆ.